ಕೆಂಪು ತಾಮ್ರದ ಆಕ್ಸೈಡಿಗೆ ಬೆಳಕು ಬಿಟ್ಟು ಕೆಲಸ ಮಾಡಿಸುವುದು ಹೇಗೆ: ಪುಡಿ, ಫಿಲ್ಮ್, ಅಳತೆ, ಲೆಕ್ಕ

ನಾನು ಮೊದಲ ಸಲ ಕ್ಯುಪ್ರಸ್ ಆಕ್ಸೈಡ್ ಫಿಲ್ಮ್ ಮಾಡಿ ನೀರಿನಲ್ಲಿ ಮುಳುಗಿಸಿ ಬೆಳಕು ಬಿಟ್ಟಾಗ ಚದರ ಸೆಂಟಿಮೀಟರಿಗೆ ಹೆಚ್ಚುಕಮ್ಮಿ ಒಂದು ಮಿಲಿಆಂಪಿಯರ್ ಕರೆಂಟ್ ಬಂತು. ಹೈಡ್ರೋಜನ್ ಬರ್ತಿದೆ ಅಂತ ಖುಷಿಯೋ ಖುಷಿ. ಕಾಲು ಗಂಟೆ ಆಗುವಷ್ಟರಲ್ಲಿ ಕರೆಂಟ್ ಇಳಿಯುತ್ತಾ ಬಂತು. ಹೊರಗೆ ತೆಗೆದು ನೋಡಿದರೆ ಕೆಂಪಗಿದ್ದ ಫಿಲ್ಮ್ ಕಪ್ಪಾಗಿದೆ. ಅಷ್ಟು ಹೊತ್ತು ನಾನು ನೋಡಿದ್ದು ನೀರು ಒಡೆಯುವುದನ್ನಲ್ಲ, ಫಿಲ್ಮ್ ತನ್ನನ್ನು ತಾನೇ ತಿಂದುಕೊಳ್ಳುವುದನ್ನು.

ಆದ್ದರಿಂದ ಇಲ್ಲಿ ತಯಾರಿಕೆಯ ಜೊತೆಗೆ ಲೆಕ್ಕವನ್ನೂ ಹೇಳುತ್ತೇನೆ. ತಯಾರಿಕೆ ಎರಡು ದಿನದಲ್ಲಿ ಕೈಗೆ ಹತ್ತುತ್ತದೆ. ಲೆಕ್ಕ ತಪ್ಪಿದರೆ ಮಾತ್ರ ಆರು ತಿಂಗಳ ಕೆಲಸ ಹಾಳು.

ಯಾವ ಆಕ್ಸೈಡ್?

ತಾಮ್ರಕ್ಕೆ ಮುಖ್ಯವಾಗಿ ಎರಡು ಆಕ್ಸೈಡ್. ಕೆಂಪಗಿರುವುದು ಕ್ಯುಪ್ರಸ್ ಆಕ್ಸೈಡ್, ಒಂದು ಆಮ್ಲಜನಕಕ್ಕೆ ಎರಡು ತಾಮ್ರ. ಕಪ್ಪಗಿರುವುದು ಕ್ಯುಪ್ರಿಕ್ ಆಕ್ಸೈಡ್, ಒಂದಕ್ಕೆ ಒಂದು. ಎರಡೂ ಪಿ ಜಾತಿಯ, ಅಂದರೆ ಧನ ಚಾರ್ಜು ಹರಿದಾಡುವ ಅರೆವಾಹಕಗಳು. ಹರಳಿನೊಳಗೆ ಅಲ್ಲಲ್ಲಿ ತಾಮ್ರದ ಪರಮಾಣು ಕಾಣೆಯಾಗಿರುತ್ತದೆ, ಆ ಖಾಲಿ ಜಾಗಗಳಿಂದಲೇ ಎಲೆಕ್ಟ್ರಾನ್ ಇಲ್ಲದ ಧನ ಗುಳಿಗಳು, ಅಂದರೆ ಹೋಲ್‌ಗಳು ಹುಟ್ಟುತ್ತವೆ. ನೀವು ಬೇರೇನನ್ನೂ ಬೆರೆಸುವುದೇ ಬೇಡ.

ಕೆಂಪು ಆಕ್ಸೈಡಿನ ಬ್ಯಾಂಡ್ ಗ್ಯಾಪ್, ಅಂದರೆ ಎಲೆಕ್ಟ್ರಾನನ್ನು ಬಿಡಿಸಿ ಓಡಾಡುವಂತೆ ಮಾಡಲು ಬೇಕಾದ ಕನಿಷ್ಠ ಶಕ್ತಿ, ಸುಮಾರು 2.0ರಿಂದ 2.2 ಎಲೆಕ್ಟ್ರಾನ್ ವೋಲ್ಟ್. ಅಂದರೆ ಸುಮಾರು 620 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ಬೆಳಕನ್ನಷ್ಟೇ ಹೀರುತ್ತದೆ, ಕಡು ಕೆಂಪು ದಾಟಿ ಹೋಗುತ್ತದೆ. ಕಪ್ಪು ಆಕ್ಸೈಡಿನದು 1.2ರಿಂದ 1.7ರವರೆಗೆ, ಯಾರು ಹೇಗೆ ಮಾಡಿದರು ಅನ್ನುವುದರ ಮೇಲೆ. ಅದು ಜಾಸ್ತಿ ಬೆಳಕು ಹೀರುತ್ತದಲ್ಲ, ಅದನ್ನೇ ತಗೊಳ್ಳೋಣ ಅನ್ನಿಸಬಹುದು. ಆದರೆ ಹೈಡ್ರೋಜನ್ ಮಾಡಬೇಕಾದರೆ ಎಲೆಕ್ಟ್ರಾನಿಗೆ ಸಾಕಷ್ಟು ತಳ್ಳುವ ಶಕ್ತಿ ಇರಬೇಕು. ಕೆಂಪು ಆಕ್ಸೈಡಿನಲ್ಲಿ ಕಂಡಕ್ಷನ್ ಬ್ಯಾಂಡ್ (ಬಿಡುಗಡೆಯಾದ ಎಲೆಕ್ಟ್ರಾನ್ ಇರುವ ಶಕ್ತಿಯ ಮಟ್ಟ) ನೀರಿನಿಂದ ಹೈಡ್ರೋಜನ್ ಬರುವ ಮಟ್ಟಕ್ಕಿಂತ ಸುಮಾರು 0.7 ವೋಲ್ಟ್ ಮೇಲಿದೆ. ಕಪ್ಪಿನಲ್ಲಿ ಅಂಚಿಗೆ ಅಂಚು ಅನ್ನುವಷ್ಟೇ. ಅದಕ್ಕೇ ನನ್ನ ಓಟು ಕೆಂಪಿಗೆ.

ಕೆಂಪಿನ ದೋಷವೂ ಅಲ್ಲೇ ಇದೆ. ಅದು ತಾಮ್ರವಾಗಿ ಇಳಿಯುವ ವೋಲ್ಟೇಜೂ, ಕಪ್ಪು ಆಕ್ಸೈಡಾಗಿ ಏರುವ ವೋಲ್ಟೇಜೂ ಅದರ ಸ್ವಂತ ಬ್ಯಾಂಡ್ ಗ್ಯಾಪಿನ ಒಳಗೇ ಬೀಳುತ್ತವೆ. ಬೆಳಕು ಬಿದ್ದಾಗ ಹುಟ್ಟಿದ ಎಲೆಕ್ಟ್ರಾನ್ ನೀರಿಗೆ ಹೋಗುವ ಬದಲು ಪಕ್ಕದ ತಾಮ್ರದ ಅಯಾನಿಗೆ ಹೋದರೆ ಅಲ್ಲೊಂದು ತಾಮ್ರದ ಚುಕ್ಕೆ. ಹೋಲ್ ಅಲ್ಲೇ ಉಳಿದರೆ ಕಪ್ಪು ಆಕ್ಸೈಡ್. ಇದು ನಿಮ್ಮ ಕೈಚಳಕದ ಕೊರತೆ ಅಲ್ಲ, ವಸ್ತುವಿನ ಹುಟ್ಟುಗುಣ.

ಮೊದಲು ಒಲೆಯ ಮೇಲೆ ಒಂದು ಪ್ರಯೋಗ

ಪೊಟೆನ್ಷಿಯೋಸ್ಟಾಟ್ (ಎಲೆಕ್ಟ್ರೋಡಿಗೆ ಬೇಕಾದಷ್ಟೇ ವೋಲ್ಟೇಜ್ ಕೊಟ್ಟು ಕರೆಂಟ್ ಅಳೆಯುವ ಯಂತ್ರ) ಮುಟ್ಟುವ ಮುಂಚೆ ಇದನ್ನೊಂದು ಸಲ ಮಾಡಿ. ಓದಿ ತಿಳಿಯುವುದಕ್ಕಿಂತ ಇದರಲ್ಲಿ ಜಾಸ್ತಿ ತಿಳಿಯುತ್ತದೆ.

ಅಂಗೈ ಅಗಲದ ತಾಮ್ರದ ತಗಡು ತೆಗೆದುಕೊಳ್ಳಿ. ಸ್ಯಾಂಡ್‌ಪೇಪರಿನಿಂದ ಉಜ್ಜಿ ಕಿಲುಬು, ಜಿಡ್ಡು ಎಲ್ಲ ತೆಗೆಯಿರಿ. ಆಮೇಲೆ ಬೆರಳು ತಾಗಿಸಬೇಡಿ. ಕಾಯಿಲ್ ಇರುವ ವಿದ್ಯುತ್ ಒಲೆಯ ಮೇಲಿಟ್ಟು ಪೂರ್ತಿ ಉರಿ ಕೊಡಿ. ಮೊದಲು ಕಿತ್ತಳೆ, ನೇರಳೆ, ಗುಲಾಬಿ ಬಣ್ಣಗಳು ಅಲೆಯಂತೆ ಹರಿದು ಹೋಗುತ್ತವೆ. ಆಮೇಲೆ ಎಲ್ಲ ಕಪ್ಪು. ಕಪ್ಪಾಯಿತು ಅಂತ ಆರಿಸಬೇಡಿ, ಇನ್ನೂ ಅರ್ಧ ಗಂಟೆ ಬಿಡಿ. ಕಪ್ಪು ಪದರ ದಪ್ಪ ಆಗಬೇಕು, ತೆಳ್ಳಗಿದ್ದರೆ ಅದು ಬಿಡುವುದೇ ಇಲ್ಲ.

ಈಗ ಒಲೆ ಆರಿಸಿ, ತಗಡನ್ನು ಒಲೆಯ ಮೇಲೇ ಬಿಟ್ಟು ನಿಧಾನಕ್ಕೆ ಆರಲು ಬಿಡಿ. ತಾಮ್ರ ಕುಗ್ಗುವ ಅಳತೆಯೇ ಬೇರೆ, ಕಪ್ಪು ಆಕ್ಸೈಡ್ ಕುಗ್ಗುವ ಅಳತೆಯೇ ಬೇರೆ. ಹಾಗಾಗಿ ಕಪ್ಪು ಚೂರುಗಳು ಚಟಚಟ ಅಂತ ಸಿಡಿದು ಹಾರುತ್ತವೆ. ಕನ್ನಡಕ ಹಾಕಿಕೊಂಡಿರಿ. ಉಳಿದದ್ದನ್ನು ನೀರಿನಡಿ ಹಗುರಾಗಿ ಒರೆಸಿ. ಎಲ್ಲ ಕಪ್ಪು ಹೋಗಲೇಬೇಕು ಅಂತ ಕೆರೆಯಬೇಡಿ, ಯಾಕೆಂದರೆ ಅದರಡಿ ಇರುವ ಇಟ್ಟಿಗೆ ಬಣ್ಣದ ತೆಳು ಪದರವೇ ನಮಗೆ ಬೇಕಾದ ಕ್ಯುಪ್ರಸ್ ಆಕ್ಸೈಡ್.

ಇದನ್ನೂ, ಇನ್ನೊಂದು ಹೊಸ ತಾಮ್ರದ ತಗಡನ್ನೂ ಒಂದಕ್ಕೊಂದು ತಾಗದಂತೆ ಉಪ್ಪು ನೀರಿನಲ್ಲಿ ಇಳಿಬಿಡಿ. ತಗಡುಗಳ ಮೇಲ್ತುದಿ, ಕ್ಲಿಪ್ಪುಗಳು ನೀರಿನಿಂದ ಹೊರಗಿರಲಿ. ಮೈಕ್ರೋಆಂಪಿಯರ್ ಮೀಟರ್ ಜೋಡಿಸಿ. ನೆರಳಿನಲ್ಲೂ ಒಂದಿಷ್ಟು ಕರೆಂಟ್ ತೋರಿಸುತ್ತದೆ, ಅದು ಬ್ಯಾಟರಿಯಂತೆ ಬರುವ ಕರೆಂಟ್. ಬಿಸಿಲಿಗೆ ತಿರುಗಿಸಿದರೆ ಮುಳ್ಳು ಹತ್ತಾರು ಮೈಕ್ರೋಆಂಪಿಯರಿಗೆ ಏರುತ್ತದೆ, ಕೈ ಅಡ್ಡ ಹಿಡಿದರೆ ಇಳಿಯುತ್ತದೆ. ಆ ಏರಿಳಿತ ಮಾತ್ರ ಬೆಳಕಿನದು. ಒಟ್ಟು ಕರೆಂಟನ್ನೆಲ್ಲ ಬೆಳಕಿನ ಖಾತೆಗೆ ಬರೆಯಬಾರದು ಅನ್ನುವ ಪಾಠ ಇಲ್ಲೇ ಶುರು. 1920ರ ದಶಕದಲ್ಲಿ ರೆಕ್ಟಿಫೈಯರ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಾಧನ) ಮಾಡುತ್ತಿದ್ದದ್ದೂ ಹೀಗೆ ಸುಟ್ಟ ತಾಮ್ರದಿಂದಲೇ.

ಪುಡಿ ಬೇಕಾದವರಿಗೆ

ನೀರಿನಲ್ಲಿ ಕದಡಿ ಬಳಸುವ ವೇಗವರ್ಧಕ ಬೇಕಿದ್ದರೆ ಪುಡಿ ಮಾಡಿಕೊಳ್ಳಿ. 100 ಮಿಲಿಲೀಟರ್ ಶುದ್ಧ ನೀರಿಗೆ 2.5 ಗ್ರಾಂ ಮೈಲುತುತ್ತ, 3 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಹಾಕಿ ಕರಗಿಸಿ. 4 ಗ್ರಾಂ ಕಾಸ್ಟಿಕ್ ಸೋಡವನ್ನು ಬೇರೆ ನೀರಿನಲ್ಲಿ ಕರಗಿಸಿ, ಅದು ಆರಿದ ಮೇಲೆ ಇದಕ್ಕೆ ಸೇರಿಸಿ. ಕಡು ನೀಲಿ ಆಗುತ್ತದೆ. 60 ಡಿಗ್ರಿಗೆ ಬಿಸಿ ಮಾಡಿ, ಕಲಕುತ್ತಾ 2 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಹಾಕಿ. ನೀಲಿ ಹೋಗಿ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪು. ಶಾಲೆಯ ಲ್ಯಾಬಿನಲ್ಲಿ ಸಕ್ಕರೆ ಪರೀಕ್ಷೆ ಮಾಡಿದವರಿಗೆ ಇದು ಹಳೆಯ ಪರಿಚಯ ಅಲ್ವಾ?

ಹಳದಿಯಾಗಿಯೇ ನಿಂತರೆ ಗಾಬರಿ ಬೇಡ. ಕಣ ತೀರಾ ಸಣ್ಣದಿದ್ದರೂ ಹಳದಿ ಕಾಣುತ್ತದೆ. ಸೋಸಿ, ಮೊದಲು ನೀರಿನಲ್ಲಿ, ಆಮೇಲೆ ಆಲ್ಕೋಹಾಲಿನಲ್ಲಿ ಎರಡು ಮೂರು ಸಲ ತೊಳೆದು, 60 ಡಿಗ್ರಿ ಒಳಗೆ, ಸಾಧ್ಯವಾದರೆ ನಿರ್ವಾತದಲ್ಲಿ ಒಣಗಿಸಿ. ಎಲ್ಲ ತಾಮ್ರವೂ ಆಕ್ಸೈಡಾದರೆ 0.7 ಗ್ರಾಂ ಸಿಗಬೇಕು. ಅದಕ್ಕಿಂತ ಜಾಸ್ತಿ ತೂಗಿದರೆ ಸರಿಯಾಗಿ ತೊಳೆದಿಲ್ಲ ಅಂತಲೇ ಅರ್ಥ.

ಕಪ್ಪು ಆಕ್ಸೈಡ್ ಇನ್ನೂ ಸುಲಭ. ಸಿಟ್ರೇಟ್, ಗ್ಲೂಕೋಸ್ ಎರಡೂ ಬಿಟ್ಟು, ಮೈಲುತುತ್ತಕ್ಕೆ ಕಾಸ್ಟಿಕ್ ಸೋಡ ಹಾಕಿದಾಗ ಬರುವ ನೀಲಿ ಗಸಿಯನ್ನು 80 ಡಿಗ್ರಿಗೆ ಬಿಸಿ ಮಾಡಿದರೆ ಕಪ್ಪಾಗುತ್ತದೆ. ತೊಳೆದು 400 ಡಿಗ್ರಿಯಲ್ಲಿ ಎರಡು ಗಂಟೆ ಸುಟ್ಟರೆ ಮುಗೀತು.

ಫಿಲ್ಮ್: ನಿಜವಾದ ಕೆಲಸ ಇಲ್ಲಿಂದ

ನನ್ನ ಮಟ್ಟಿಗೆ ಪುಡಿಗಿಂತ ಫಿಲ್ಮ್ ಮೇಲು. ಪುಡಿಯಲ್ಲಿ ಯಾವ ಎಲೆಕ್ಟ್ರಾನ್ ಎಲ್ಲಿಗೆ ಹೋಯಿತು ಅಂತ ಹೇಳುವುದು ಕಷ್ಟ. ಫಿಲ್ಮಿಗೆ ತಂತಿ ಕಟ್ಟಿ ಎಣಿಸಬಹುದು.

ಬೇಕಾದ ದ್ರಾವಣ, ಕೊನೆಗೆ 100 ಮಿಲಿಲೀಟರ್ ಆಗುವಂತೆ: 10 ಗ್ರಾಂ ಮೈಲುತುತ್ತ, 85 ಶೇಕಡಾ ಲ್ಯಾಕ್ಟಿಕ್ ಆಮ್ಲ 32 ಗ್ರಾಂ. ಇವೆರಡನ್ನೂ 40 ಮಿಲಿಲೀಟರ್ ನೀರಿನಲ್ಲಿ ಕರಗಿಸಿ. ಬೀಕರನ್ನು ಐಸ್ ನೀರಿನಲ್ಲಿ ಇಟ್ಟುಕೊಂಡು, ಗಟ್ಟಿ ಕಾಸ್ಟಿಕ್ ಸೋಡ ದ್ರಾವಣವನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಅವಸರ ಮಾಡಿದರೆ ಕುದಿದು ಮುಖಕ್ಕೆ ಹಾರುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಈ ಹಂತಕ್ಕೆ ಕೈ ಹಾಕಲೇಬೇಡಿ. ಪಿಎಚ್ 12 ಬಂದಾಗ ನಿಲ್ಲಿಸಿ, ನೀರು ಹಾಕಿ ಅಳತೆ ಸರಿಮಾಡಿ, ಪಿಎಚ್ ಮತ್ತೊಮ್ಮೆ ನೋಡಿ. ಲ್ಯಾಕ್ಟಿಕ್ ಆಮ್ಲದ ಕೆಲಸ ಒಂದೇ: ಅಷ್ಟು ಕ್ಷಾರದಲ್ಲೂ ತಾಮ್ರ ಗಸಿಯಾಗಿ ಕೂರದಂತೆ ಹಿಡಿದುಕೊಳ್ಳುವುದು.

ಪಿಎಚ್ ಮೇಲೆ ಯಾಕೆ ಇಷ್ಟು ಒತ್ತು? ಹರಳು ಯಾವ ಮುಖ ಮಾಡಿ ಬೆಳೆಯುತ್ತದೆ ಅನ್ನುವುದನ್ನು ಅದೇ ತೀರ್ಮಾನಿಸುತ್ತದೆ. 9ರ ಆಸುಪಾಸಿನಲ್ಲಿ 100 ಮುಖ, 12ರಲ್ಲಿ 111 ಮುಖ (ಈ ಅಂಕಿಗಳು ಹರಳಿನ ಮುಖಗಳ ಹೆಸರು). ಇದು ಸುಮ್ನೆ ಅಂದಚೆಂದದ ವಿಷಯ ಅಲ್ಲ. 2024ರಲ್ಲಿ ಕೇಂಬ್ರಿಡ್ಜ್ ಮತ್ತು ಸ್ವಿಟ್ಜರ್ಲೆಂಡಿನ ಲೋಸಾನಿನ ಇಪಿಎಫ್ಎಲ್ ವಿಶ್ವವಿದ್ಯಾಲಯದ ತಂಡಗಳು ಒಂದೇ ಹರಳಿನ ತೆಳು ಫಿಲ್ಮುಗಳನ್ನು ಬೆಳೆಸಿ ನೋಡಿದಾಗ 111 ದಿಕ್ಕಿನಲ್ಲಿ ವಿದ್ಯುತ್ ಕಣಗಳು ಬಹಳ ಸಲೀಸಾಗಿ ಓಡುತ್ತವೆ ಅಂತ ತೋರಿಸಿದವು.

ತಳಕ್ಕೆ ಎಫ್‌ಟಿಒ ಗಾಜು (ಕರೆಂಟ್ ಹರಿಯುವ ಪಾರದರ್ಶಕ ಲೇಪ ಇರುವ ಗಾಜು) ಸಾಕು, ಅದರ ಮೇಲೆ ತೆಳು ಚಿನ್ನದ ಲೇಪ ಇದ್ದರೆ ಇನ್ನೂ ಒಳ್ಳೆಯದು. ಸೋಪು, ನೀರು, ಅಸಿಟೋನ್, ಆಲ್ಕೋಹಾಲ್ ಈ ಕ್ರಮದಲ್ಲಿ ತೊಳೆಯಿರಿ. ನೀರು ಹನಿಯಾಗಿ ನಿಲ್ಲದೆ ಹಾಳೆಯಂತೆ ಹರಿದರೆ ಗಾಜು ಶುಚಿ. ಟೇಪ್ ಅಂಟಿಸಿ ಸರಿಯಾಗಿ ಒಂದು ಚದರ ಸೆಂಟಿಮೀಟರ್ ಮಾತ್ರ ಬಿಡಿ. ದ್ರಾವಣವನ್ನು 60 ಡಿಗ್ರಿಯಲ್ಲಿಟ್ಟು, ಬೆಳ್ಳಿ-ಬೆಳ್ಳಿ ಕ್ಲೋರೈಡ್ ಎಲೆಕ್ಟ್ರೋಡಿಗೆ ಹೋಲಿಸಿ ಋಣ 0.4 ವೋಲ್ಟ್ ಕೊಡಿ. ಮೊದಲು ಹಳದಿ ಮಿಂಚು, ಆಮೇಲೆ ಕಾಮನಬಿಲ್ಲಿನಂತೆ ಬಣ್ಣಗಳು, ದಪ್ಪ ಆದಂತೆ ಕೆಂಪು ಕಂದು. ಲೋಹದ ಹೊಳಪು ಕಂಡರೆ ವೋಲ್ಟೇಜ್ ಜಾಸ್ತಿ ಋಣವಾಗಿದೆ ಅಥವಾ ಪಿಎಚ್ ಇಳಿದಿದೆ. ಆ ಫಿಲ್ಮ್ ಎಸೆದು ಮತ್ತೆ ಶುರು ಮಾಡಿ, ಸರಿಮಾಡಲು ಹೋಗಬೇಡಿ.

ಎಷ್ಟು ಹೊತ್ತು? ಗಡಿಯಾರ ನೋಡಬೇಡಿ, ಚಾರ್ಜ್ ನೋಡಿ. ಕ್ಯುಪ್ರಸ್ ಆಕ್ಸೈಡಿನ ಒಂದು ಘಟಕಕ್ಕೆ ಎರಡು ಎಲೆಕ್ಟ್ರಾನ್ ಬೇಕು. ಅಣುತೂಕ 143, ಸಾಂದ್ರತೆ 6 ಅಂತ ಹಿಡಿದರೆ ಚದರ ಸೆಂಟಿಮೀಟರಿಗೆ 1 ಕೂಲಂಬ್ ಹರಿದಾಗ ಫಿಲ್ಮ್ 1.24 ಮೈಕ್ರಾನ್ ದಪ್ಪ ಆಗುತ್ತದೆ. ಈ ಒಂದು ಕೂಲಂಬನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ದಪ್ಪ ಜಾಸ್ತಿ ಆದಷ್ಟೂ ಒಳ್ಳೆಯದೇನಲ್ಲ. ಬೆಳಕು ಪೂರ್ತಿ ಹೀರಲು ಮೈಕ್ರಾನಿನಷ್ಟು ದಪ್ಪ ಬೇಕು, ಆದರೆ ಹುಟ್ಟಿದ ಎಲೆಕ್ಟ್ರಾನ್ ಅದಕ್ಕಿಂತ ಬಹಳ ಕಡಿಮೆ ದೂರದಲ್ಲೇ ಸುಸ್ತಾಗಿ ಹೋಲ್ ಜೊತೆ ಸೇರಿಬಿಡುತ್ತದೆ. ನ್ಯಾನೋತಂತಿಗಳ ಹುಚ್ಚು ಹತ್ತಿದ್ದೇ ಇದರಿಂದ. ತಂತಿಯ ಉದ್ದಕ್ಕೆ ಬೆಳಕು ಹೀರಿಸಿ, ಅಡ್ಡಕ್ಕೆ ಎಲೆಕ್ಟ್ರಾನನ್ನು ಹೊರಗೆ ತೆಗೆಯುವ ಉಪಾಯ.

ಮಾಡಿದ್ದು ಏನು ಅಂತ ನೋಡಿಕೊಳ್ಳಿ

ಬಣ್ಣ ನಂಬಬೇಡಿ. ಹರಳಿನ ಮೇಲೆ ಎಕ್ಸ್-ರೇ ಬಿಟ್ಟು ಅದು ಚದುರುವ ಕೋನ ನೋಡುವ, ತಾಮ್ರದ ಕೆ ಆಲ್ಫಾ ಕಿರಣದ ಎಕ್ಸ್‌ಆರ್‌ಡಿಯಲ್ಲಿ 36.4 ಮತ್ತು 42.3 ಡಿಗ್ರಿಯ ಶಿಖರಗಳು ಕೆಂಪು ಆಕ್ಸೈಡಿನವು. 35.5 ಮತ್ತು 38.7 ಕಂಡರೆ ಕಪ್ಪು ಸೇರಿಕೊಂಡಿದೆ. 43.3 ಬಂದರೆ ತಾಮ್ರ ಲೋಹ. 42.3ಕ್ಕೂ 43.3ಕ್ಕೂ ಒಂದೇ ಡಿಗ್ರಿ ಅಂತರ, ಅವಸರದಲ್ಲಿ ಓದಿದರೆ ಮೋಸ ಹೋಗುತ್ತೀರಿ.

ಮೇಲ್ಮೈ ನೋಡಲು, ಎಕ್ಸ್-ರೇ ಬಡಿದು ಹೊರಬಿದ್ದ ಎಲೆಕ್ಟ್ರಾನುಗಳ ಶಕ್ತಿ ಅಳೆಯುವ ಎಕ್ಸ್‌ಪಿಎಸ್ ಬಳಸುವವರಿಗೆ ಒಂದು ಕಿವಿಮಾತು. ಮುಖ್ಯ ತಾಮ್ರದ ಶಿಖರದಲ್ಲಿ ಲೋಹಕ್ಕೂ ಕೆಂಪು ಆಕ್ಸೈಡಿಗೂ ವ್ಯತ್ಯಾಸವೇ ಕಾಣುವುದಿಲ್ಲ. ಓಜೆ (Auger) ಶಿಖರ, ಅಂದರೆ ಅದೇ ಅಳತೆಯಲ್ಲಿ ಬರುವ ಇನ್ನೊಂದು ಬಗೆಯ ಎಲೆಕ್ಟ್ರಾನುಗಳ ಶಿಖರ, ಬೇಕೇ ಬೇಕು, ಕೆಂಪು ಆಕ್ಸೈಡಿಗೆ 916.8, ಲೋಹಕ್ಕೆ 918.6 ಎಲೆಕ್ಟ್ರಾನ್ ವೋಲ್ಟ್ ಹತ್ತಿರ. ಕಪ್ಪು ಆಕ್ಸೈಡ್ ಮಾತ್ರ ಪಕ್ಕದಲ್ಲಿ ಉಬ್ಬಿದ ಉಪಶಿಖರಗಳಿಂದ ಬೇಗ ಸಿಕ್ಕಿಬೀಳುತ್ತದೆ.

ಅಳತೆ

0.5 ಮೋಲಾರ್ ಸೋಡಿಯಂ ಸಲ್ಫೇಟಿಗೆ ಫಾಸ್ಫೇಟ್ ಬಫರ್ ಸೇರಿಸಿ ಪಿಎಚ್ 5 ಮಾಡಿಕೊಳ್ಳಿ. ಅರ್ಧ ಗಂಟೆ ಆರ್ಗಾನ್ ಅಥವಾ ನೈಟ್ರೋಜನ್ ಗುಳ್ಳೆ ಬಿಡಿ. ಕರಗಿದ ಆಮ್ಲಜನಕ ಎಲೆಕ್ಟ್ರಾನ್ ಕದಿಯುತ್ತದೆ, ಆ ಕಳ್ಳತನವೂ ಮೀಟರಿನಲ್ಲಿ ಒಳ್ಳೆಯ ಕರೆಂಟಿನಂತೆಯೇ ಕಾಣುತ್ತದೆ. ದೀಪವನ್ನು ಫಿಲ್ಮ್ ಇರುವ ಜಾಗದಲ್ಲೇ ಸಿಲಿಕಾನ್ ರೆಫರೆನ್ಸ್ ಸೆಲ್ ಇಟ್ಟು ಚದರ ಸೆಂಟಿಮೀಟರಿಗೆ 100 ಮಿಲಿವ್ಯಾಟಿಗೆ ಹೊಂದಿಸಿ. ದೀರ್ಘ ಪ್ರಯೋಗಕ್ಕೆ ಎದುರು ಎಲೆಕ್ಟ್ರೋಡಾಗಿ ಪ್ಲಾಟಿನಂ ಬದಲು ಗ್ರಾಫೈಟ್ ಇಡಿ. ಪ್ಲಾಟಿನಂ ಸವೆದು ಬಂದು ನಿಮ್ಮ ಫಿಲ್ಮ್ ಮೇಲೆ ಕೂತರೆ ಅದರ ಕೀರ್ತಿ ಆಕ್ಸೈಡಿಗೆ ಹೋಗುತ್ತದೆ.

ಬೆಳ್ಳಿ-ಬೆಳ್ಳಿ ಕ್ಲೋರೈಡಿಗೆ ಹೋಲಿಸಿ ಓದಿದ ವೋಲ್ಟೇಜನ್ನು ಹೈಡ್ರೋಜನ್ ಅಳತೆಗೆ (ಅದೇ ನೀರಿನಲ್ಲಿ ಹೈಡ್ರೋಜನ್ ಹುಟ್ಟುವ ವೋಲ್ಟೇಜೇ ಇಲ್ಲಿ ಸೊನ್ನೆ) ಬದಲಿಸುವುದು ಹೀಗೆ: ಓದಿದ ಅಂಕಿಗೆ 0.197 ಸೇರಿಸಿ, ಪಿಎಚ್ ಅನ್ನು 0.059ರಿಂದ ಗುಣಿಸಿ ಅದನ್ನೂ ಸೇರಿಸಿ. ಪಿಎಚ್ 5ರಲ್ಲಿ ಋಣ 0.49 ವೋಲ್ಟ್ ಅಂದರೆ ಹೈಡ್ರೋಜನ್ ಅಳತೆಯಲ್ಲಿ ಸೊನ್ನೆ.

ಬೆಳಕನ್ನು ಎರಡು ಮೂರು ಸೆಕೆಂಡಿಗೊಮ್ಮೆ ಮುಚ್ಚಿ ತೆರೆಯುತ್ತಾ ವೋಲ್ಟೇಜನ್ನು ಧನದಿಂದ ಋಣದ ಕಡೆಗೆ ನಿಧಾನಕ್ಕೆ ಇಳಿಸಿ, ಸೆಕೆಂಡಿಗೆ 10 ಮಿಲಿವೋಲ್ಟ್ ಸಾಕು. ಬಾಚಣಿಗೆಯ ಹಲ್ಲಿನಂತೆ ಗ್ರಾಫ್ ಬರುತ್ತದೆ. ಮುಚ್ಚಿದಾಗ ಸೊನ್ನೆಗೆ ಹತ್ತಿರ ಇದ್ದರೆ ಒಳ್ಳೆಯದು. ಮುಚ್ಚಿದಾಗಲೂ ಕರೆಂಟ್ ಇಳಿಜಾರಾಗಿ ಬೆಳೆಯುತ್ತಿದ್ದರೆ ಫಿಲ್ಮ್ ಕತ್ತಲಲ್ಲೇ ತಾಮ್ರ ಆಗುತ್ತಿದೆ. ತೆರೆದ ಕ್ಷಣ ಚೂಪಾಗಿ ಏರಿ ತಕ್ಷಣ ಕುಸಿದರೆ ಎಲೆಕ್ಟ್ರಾನ್‌ಗಳು ಮೇಲ್ಮೈವರೆಗೆ ಬಂದು ದಾಟಲಾಗದೆ ವಾಪಸ್ ಹೋಗುತ್ತಿವೆ ಅಂತ.

ಒಂದು ಕೂಲಂಬಿನ ಲೆಕ್ಕ

ಈಗ ಆ ಕೂಲಂಬಿಗೆ ಬರೋಣ. ಫಿಲ್ಮ್ ಕಟ್ಟುವಾಗ ಒಂದು ಘಟಕಕ್ಕೆ ಎರಡು ಎಲೆಕ್ಟ್ರಾನ್ ಕೊಟ್ಟಿರಿ. ಅದೇ ಆಕ್ಸೈಡ್ ಪೂರ್ತಿ ತಾಮ್ರ ಆಗಬೇಕಾದರೂ ಒಂದು ಘಟಕಕ್ಕೆ ಎರಡೇ ಎಲೆಕ್ಟ್ರಾನ್. ಅಂದರೆ ಕಟ್ಟಲು ಎಷ್ಟು ಚಾರ್ಜೋ, ಕೆಡವಲೂ ಅಷ್ಟೇ. ಒಂದು ಕೂಲಂಬಿನ ಫಿಲ್ಮ್ ಮೇಲೆ 1 ಮಿಲಿಆಂಪಿಯರ್ ಕರೆಂಟ್ 1000 ಸೆಕೆಂಡ್ ಹರಿದರೆ ಒಂದು ಕೂಲಂಬ್ ಆಯಿತು. ಹದಿನೇಳು ನಿಮಿಷವೂ ಇಲ್ಲ! ಅಷ್ಟರೊಳಗೆ ಕಂಡ ಕರೆಂಟ್ ಪೂರ್ತಿಯಾಗಿ ಫಿಲ್ಮಿನ ಸಾವಿನಿಂದಲೇ ಬಂದಿರಬಹುದು. ಹತ್ತು ನಿಮಿಷದ ಗ್ರಾಫ್ ಇಟ್ಟುಕೊಂಡು ಗಟ್ಟಿಯಾಗಿ ನಿಂತಿದೆ ಅನ್ನುವವರನ್ನು ನಾನು ನಂಬುವುದಿಲ್ಲ. ಕಟ್ಟಿದ ಚಾರ್ಜಿನ ಕನಿಷ್ಠ ಹತ್ತು ಪಟ್ಟು ಹರಿಸಿ, ಆಮೇಲೆ ಮಾತಾಡಿ.

ಅದರ ಜೊತೆಗೆ ಗ್ಯಾಸನ್ನೂ ಅಳೆಯಿರಿ. 1 ಮಿಲಿಆಂಪಿಯರ್ ಒಂದು ಗಂಟೆ ಹರಿದು ಎಲ್ಲವೂ ಹೈಡ್ರೋಜನ್ ಆದರೆ ಬರುವುದು 18.7 ಮೈಕ್ರೋಮೋಲ್, ಅರ್ಧ ಮಿಲಿಲೀಟರಿಗೂ ಕಡಿಮೆ. ಗ್ಯಾಸ್ ಕ್ರೊಮಟೋಗ್ರಾಫ್ (ಗ್ಯಾಸುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಇದರ ಅರ್ಧ ತೋರಿಸಿದರೆ, ಸೆಲ್ ಎಲ್ಲೂ ಸೋರುತ್ತಿಲ್ಲ ಅಂತ ಖಾತ್ರಿ ಇದ್ದರೆ, ಉಳಿದರ್ಧ ಎಲ್ಲಿಗೆ ಹೋಯಿತು ಅಂತ ಫಿಲ್ಮನ್ನೇ ಕೇಳಬೇಕು.

ಹೊದಿಕೆ

ಬರಿಮೈ ಫಿಲ್ಮ್ ಬಾಳುವುದಿಲ್ಲ. 2011ರಲ್ಲಿ ಇಪಿಎಫ್ಎಲ್‌ನ ತಂಡ ಪರಮಾಣು ಪದರ ವಿಧಾನದಲ್ಲಿ (ಒಂದೊಂದೇ ಪರಮಾಣುವಿನಷ್ಟು ತೆಳು ಪದರ ಕೂರಿಸುವ ಯಂತ್ರದಲ್ಲಿ) ಅಲ್ಯೂಮಿನಿಯಂ ಬೆರೆಸಿದ ಜಿಂಕ್ ಆಕ್ಸೈಡ್, ಅದರ ಮೇಲೆ ಟೈಟಾನಿಯಂ ಡೈಆಕ್ಸೈಡ್, ಮೇಲೆ ಪ್ಲಾಟಿನಂ ಹೊದಿಸಿ ಹೈಡ್ರೋಜನ್ ಅಳತೆಯ ಸೊನ್ನೆ ವೋಲ್ಟಿನಲ್ಲಿ ಚದರ ಸೆಂಟಿಮೀಟರಿಗೆ 7.6 ಮಿಲಿಆಂಪಿಯರ್ ಪಡೆಯಿತು. ಈ ಬ್ಯಾಂಡ್ ಗ್ಯಾಪಿಗೆ ಬಿಸಿಲಿನಿಂದ ಸಿಗಬಹುದಾದ ಗರಿಷ್ಠ 14.7. ಅರ್ಧದಾರಿ ಬಂದಂತಾಯಿತು. 2018ರಲ್ಲಿ ಅದೇ ಸಂಸ್ಥೆಯಲ್ಲಿ ನ್ಯಾನೋತಂತಿಗಳ ಮೇಲೆ ಗ್ಯಾಲಿಯಂ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್ ಹೊದಿಸಿ ನೂರು ಗಂಟೆ ದಾಟಿಸಿದರು.

ಆ ಯಂತ್ರ ಇಲ್ಲದವರು ಸೋಲ್-ಜೆಲ್ (ದ್ರಾವಣ ಹಚ್ಚಿ ಒಣಗಿಸುವ) ಟೈಟಾನಿಯಂ ಡೈಆಕ್ಸೈಡ್ ಲೇಪ ಪ್ರಯತ್ನಿಸಬಹುದು. ನಾನೂ ಮಾಡಿದ್ದೇನೆ, ಆಯಸ್ಸು ಸ್ವಲ್ಪ ಹೆಚ್ಚುತ್ತದೆ ಅಷ್ಟೇ. ತೊಂದರೆ ಇರುವುದು ಸೂಜಿರಂಧ್ರಗಳಲ್ಲಿ. ಓಡಿಸಿದ ಮೇಲೆ ಫಿಲ್ಮನ್ನು ಮೈಕ್ರೋಸ್ಕೋಪಿನಡಿ ಇಟ್ಟು ನೋಡಿ: ಕೆಂಪು ಬಯಲಿನಲ್ಲಿ ಅಲ್ಲಲ್ಲಿ ದುಂಡಗೆ ಕಪ್ಪು ಕಲೆ, ಪ್ರತಿ ಕಲೆಯ ನಡುವೆ ಒಂದು ಸಣ್ಣ ತೂತು. ನೀರು ಅಲ್ಲಿಂದ ಇಳಿದು ಸುತ್ತಲೂ ತಿಂದಿರುತ್ತದೆ. ಎರಡು ತೆಳು ಲೇಪ ಒಂದು ದಪ್ಪ ಲೇಪಕ್ಕಿಂತ ಮೇಲು, ಒಂದರ ತೂತನ್ನು ಇನ್ನೊಂದು ಮುಚ್ಚುತ್ತದೆ. ಗಾಳಿಯಲ್ಲಿ ಮಾತ್ರ ಜಾಸ್ತಿ ಕಾಯಿಸಬೇಡಿ, ಅಡಿಯ ಕೆಂಪು ಕಪ್ಪಾಗುತ್ತದೆ. ಕಾಯಿಸಲೇಬೇಕಿದ್ದರೆ ಆರ್ಗಾನಿನಲ್ಲಿ.

ನೀರಿನ ಸಹವಾಸವೇ ಬೇಡ, ಬರೀ ವಿದ್ಯುತ್ ಸಾಕು ಅನ್ನುತ್ತಾ ಸೌರಕೋಶ ಮಾಡುವವರಿಗೆ ಸವೆತದ ಕಾಟ ಇಲ್ಲ. ಅಲ್ಲಿ ತಲೆನೋವು ಸರಿಯಾದ ಎನ್ ಪದರ (ಎಲೆಕ್ಟ್ರಾನ್ ಒಯ್ಯುವ ಜೊತೆ ಪದರ) ಹುಡುಕುವುದು. ಜಪಾನಿನ ಮಿನಾಮಿ ತಂಡ 2016ರಲ್ಲಿ ಸೋಡಿಯಂ ಬೆರೆಸಿದ ಕ್ಯುಪ್ರಸ್ ಆಕ್ಸೈಡ್ ಹಾಳೆಯ ಮೇಲೆ ಜಿಂಕ್-ಜರ್ಮೇನಿಯಂ ಆಕ್ಸೈಡ್ ಕೂರಿಸಿ 8.1 ಶೇಕಡಾ ದಕ್ಷತೆ ಮುಟ್ಟಿತು. 2021ರಲ್ಲಿ ತೋಷಿಬಾ ಪಾರದರ್ಶಕ ಸೆಲ್ಲಿನಲ್ಲಿ 8.4 ಅಂತ ಪ್ರಕಟಿಸಿತು. ಕೆಂಪು ಬೆಳಕು ದಾಟಿ ಹೋಗುತ್ತದೆ ಅಂದೆನಲ್ಲ, ಅದನ್ನು ಕೆಳಗಿನ ಸಿಲಿಕಾನ್ ಹಿಡಿದುಕೊಳ್ಳಲಿ ಅನ್ನುವುದು ಅವರ ಯೋಜನೆ.

ಪುಡಿ ಪರೀಕ್ಷೆಯ ಬಲೆಗಳು

ನೀರಿಗೆ ಹಾಕಿದ ಮೆಥಿಲೀನ್ ಬ್ಲೂ ಬಣ್ಣ ಹೋಯಿತು, ಹಾಗಾಗಿ ವೇಗವರ್ಧಕ ಕೆಲಸ ಮಾಡಿತು ಅನ್ನುವ ವಾದ ನನಗೆ ಹಿಡಿಸುವುದಿಲ್ಲ. ಆ ಬಣ್ಣವೇ 664 ನ್ಯಾನೋಮೀಟರಿನಲ್ಲಿ ಬೆಳಕು ಹೀರುತ್ತದೆ, ತಾನೇ ಮಾಸುತ್ತದೆ, ಪುಡಿಗೆ ಅಂಟಿಕೊಂಡೂ ಮಾಯವಾಗುತ್ತದೆ. ಮಾಡಲೇಬೇಕಿದ್ದರೆ ಮೊದಲು ಕತ್ತಲಲ್ಲಿ ಅರ್ಧ ಗಂಟೆ ಕಲಕಿ. ಪುಡಿ ಇಲ್ಲದೆ ಬೆಳಕಿನಲ್ಲಿ ಒಂದು, ಬೆಳಕಿಲ್ಲದೆ ಪುಡಿಯಲ್ಲಿ ಒಂದು ಹೋಲಿಕೆ ಇಡಿ. ಬಣ್ಣವಿಲ್ಲದ ಫೀನಾಲ್ ಬಳಸಿದರೆ ಇನ್ನೂ ನಂಬಬಹುದು. ಹೈಡ್ರೋಜನ್ ಪೆರಾಕ್ಸೈಡ್ ಸೇರಿಸುವವರಂತೂ ಕತ್ತಲ ಹೋಲಿಕೆ ಬಿಡಲೇಬಾರದು, ತಾಮ್ರ ಅದನ್ನು ಬೆಳಕಿಲ್ಲದೆಯೂ ಒಡೆಯುತ್ತದೆ.

ಕತ್ತಲ ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಕಥೆ ಬೇಕೇ? 1998ರಲ್ಲಿ ಟೋಕಿಯೋದ ತಂಡವೊಂದು ಕ್ಯುಪ್ರಸ್ ಆಕ್ಸೈಡ್ ಪುಡಿ ಗೋಚರ ಬೆಳಕಿನಲ್ಲಿ ನೀರನ್ನು ಒಡೆಯುತ್ತದೆ ಅಂತ ವರದಿ ಮಾಡಿತು. ಅದೇ ವರ್ಷ, ಅದೇ ಬಳಗದಿಂದ ಇನ್ನೊಂದು ವರದಿ: ಪುಡಿಯನ್ನು ಕತ್ತಲಲ್ಲಿ ಕಲಕುಕಡ್ಡಿಯಿಂದ ಸುಮ್ನೆ ಕಲಕಿದರೂ ಹೈಡ್ರೋಜನ್, ಆಮ್ಲಜನಕ ಬರುತ್ತದೆ! ಕಡ್ಡಿ ಗಾಜಿನ ತಳಕ್ಕೆ ಉಜ್ಜುವುದೇ ಶಕ್ತಿಯ ಮೂಲ. ಹಾಗಾಗಿ ಕಲಕುವ ವೇಗ ಬದಲಿಸಿ ನೋಡಿ, ಕಡ್ಡಿ ತಳಕ್ಕೆ ತಾಗದಂತೆ ಮೇಲಿನಿಂದ ಕಲಕಿಯೂ ನೋಡಿ.

ಇಂಗಾಲದ ಡೈಆಕ್ಸೈಡಿನಿಂದ ಮೆಥನಾಲ್ ಮಾಡುವವರಿಗೆ ಬಲೆ ಬೇರೆ. ಪುಡಿಯಲ್ಲಿ ಉಳಿದ ಸಿಟ್ರೇಟ್, ಗ್ಲೂಕೋಸ್, ತೊಳೆದ ಆಲ್ಕೋಹಾಲ್ ಇವೆಲ್ಲವೂ ಇಂಗಾಲವೇ ತಾನೆ. ಇಂಗಾಲ 13 (ಸ್ವಲ್ಪ ಭಾರದ, ಗುರುತು ಹಿಡಿಯಬಹುದಾದ ಇಂಗಾಲ) ಇರುವ ಗ್ಯಾಸ್ ಕೊಟ್ಟು, ಬಂದ ಮೆಥನಾಲಿನಲ್ಲೂ ಇಂಗಾಲ 13 ಇದೆಯಾ ಅಂತ ನೋಡಿ. ಇಲ್ಲೂ ಹರಳಿನ ಮುಖ ಮುಖ್ಯ. 2019ರಲ್ಲಿ ಅಮೆರಿಕದ ಆರ್ಗೋನ್ ಪ್ರಯೋಗಾಲಯದವರು ಒಂದೊಂದೇ ಕಣ ಹಿಡಿದು ನೋಡಿ 110 ಮುಖ ಕೆಲಸ ಮಾಡುತ್ತದೆ, 100 ಮುಖ ಸುಮ್ಮನಿರುತ್ತದೆ ಅಂತ ತೋರಿಸಿದರು.

ಉಳಿದ ನೀಲಿ ನೀರು

ತಾಮ್ರ ಜಲಚರಗಳಿಗೆ ವಿಷ, ಸಿಂಕಿಗೆ ಸುರಿಯಬೇಡಿ. ಗ್ಲೂಕೋಸ್ ವಿಧಾನದ ನೀರಿನಲ್ಲಿ ನೀಲಿ ಉಳಿದಿದ್ದರೆ ಇನ್ನಷ್ಟು ಗ್ಲೂಕೋಸ್ ಹಾಕಿ ಬಿಸಿ ಮಾಡಿ, ಹೆಚ್ಚಿನ ತಾಮ್ರ ಕೆಂಪು ಗಸಿಯಾಗಿ ಇಳಿಯುತ್ತದೆ. ಗಸಿ ಸೋಸಿಟ್ಟುಕೊಂಡರೂ ಮೇಲಿನ ನೀರು ಕಸದ ಕ್ಯಾನಿಗೇ ಹೋಗಬೇಕು. ಲ್ಯಾಕ್ಟಿಕ್ ದ್ರಾವಣಕ್ಕೆ ಕ್ಷಾರ ಹಾಕಿ ಗಸಿ ಕೂರಿಸುತ್ತೇನೆ ಅಂತ ಹೊರಟರೆ ಆಗದು, ಅದು ತಾಮ್ರವನ್ನು ಬಿಡದಂತೆ ಹಿಡಿದಿದೆ. ಸೋಸಿ ಮುಚ್ಚಿಟ್ಟರೆ ಇನ್ನೂ ಕೆಲವು ಫಿಲ್ಮುಗಳಿಗೆ ಬರುತ್ತದೆ, ಪ್ರತಿ ಸಲ ಪಿಎಚ್ ನೋಡಿಕೊಳ್ಳಿ. ಕೊನೆಗೆ ಪ್ಲಾಸ್ಟಿಕ್ ಕ್ಯಾನಿಗೆ ಹಾಕಿ, ತಾಮ್ರ, ಕ್ಷಾರ ಅಂತ ದಪ್ಪ ಅಕ್ಷರದಲ್ಲಿ ಬರೆದು ರಾಸಾಯನಿಕ ಕಸ ಒಯ್ಯುವವರಿಗೆ ಕೊಡಿ.